ಮಗಳು ಈಜು ಕಲಿತ ಹನ್ನೊಂದು ತಿಂಗಳು

ಮಗಳಿಗೆ ಎಂಟು ವರ್ಷ ತುಂಬಿದ ಮೇಲೆ ಅವಳನ್ನು ಈಜು ತರಗತಿಗೆ ಸೇರಿಸಿದೆ. ಸೇರಿಸುವಾಗ ನನ್ನ ಲೆಕ್ಕ ಬಹಳ ಸರಳವಾಗಿತ್ತು. ನನಗೆ ಈಜು ಬರುತ್ತಿರಲಿಲ್ಲ. ಕೆರೆ, ಹೊಳೆ, ಬಾವಿಗಳ ಹತ್ತಿರ ಹೋದಾಗಲೆಲ್ಲ ಎದೆ ಡವಗುಟ್ಟುತ್ತಿತ್ತು. ಆ ಭಯ ಮಗಳಿಗೂ ಅಂಟಿಕೊಳ್ಳಬಾರದು, ನೀರಿಗೆ ಬಿದ್ದರೆ ದಡ ಸೇರುವಷ್ಟಾದರೂ ಅವಳಿಗೆ ತಿಳಿದಿರಬೇಕು ಎಂಬುದಷ್ಟೇ ನನ್ನ ಆಸೆ. ಒಂದು ತಿಂಗಳಲ್ಲಿ ಕಲಿತುಬಿಡುತ್ತಾಳೆ ಎಂದುಕೊಂಡಿದ್ದೆ. ಹನ್ನೊಂದು ತಿಂಗಳು ಬೇಕಾಯಿತು. ಆ ಹನ್ನೊಂದು ತಿಂಗಳಲ್ಲಿ ಅವಳು ಇನ್ನೂ ಏನೇನು ಕಲಿತಳು ಎಂಬುದನ್ನು ನಾನು ಮೊದಲು ಕೊಳದ ಬದಿಯ ಸಿಮೆಂಟ್ ಬೆಂಚಿನ ಮೇಲೆ ಕುಳಿತು ನೋಡಿದೆ, ಆಮೇಲೆ ನಾನೇ ನೀರಿಗಿಳಿದು ಅರ್ಥ ಮಾಡಿಕೊಂಡೆ.

ಮೊದಲ ದಿನ ಅವಳು ಏಣಿ ಬಿಟ್ಟು ಇಳಿಯಲಿಲ್ಲ. ಉಳಿದ ಮಕ್ಕಳು ಸೊಂಟದಾಳದ ನೀರಿನಲ್ಲಿ ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ಕುಣಿಯುತ್ತಿದ್ದರೆ ಇವಳು ಸ್ಟೀಲಿನ ಏಣಿಯ ಮೂರನೆಯ ಮೆಟ್ಟಿಲಿನಲ್ಲಿ, ಮೊಣಕಾಲಿನವರೆಗಿನ ನೀರಿನಲ್ಲಿ, ಎರಡೂ ಕೈಗಳಿಂದ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದುದು ನನಗೆ ಬೆಂಚಿನಿಂದಲೇ ಕಾಣುತ್ತಿತ್ತು. ತರಬೇತುದಾರರು ಐವತ್ತು ದಾಟಿದ ಹೆಂಗಸು. ಮಕ್ಕಳೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ಅವರು ಏಣಿಯ ಹತ್ತಿರ ಬಂದು, "ಇವತ್ತು ಎಲ್ಲಿಯವರೆಗೆ ಇಳಿಯೋಣ ಅಂತೀಯ ಪುಟ್ಟ?" ಎಂದು ಕೇಳಿದರು. "ಇಲ್ಲಿಗೇ ಸಾಕು ಮೇಡಂ," ಎಂದಳು ಇವಳು. "ಆಯಿತು, ಇಲ್ಲೇ ನಿಂತು ಕಾಲಾಡಿಸು. ನಾಳೆ ಇನ್ನೊಂದು ಮೆಟ್ಟಿಲು," ಎಂದು ಹೇಳಿ ಅವರು ಬೇರೆ ಮಕ್ಕಳ ಕಡೆ ಹೋಗಿಬಿಟ್ಟರು. ಮುಕ್ಕಾಲು ಗಂಟೆ ಮಗಳು ಅಲ್ಲೇ ನಿಂತಳು. ದುಡ್ಡು ಕೊಟ್ಟು ಏಣಿಯ ಮೇಲೆ ನಿಲ್ಲಿಸಲು ಕರೆತಂದೆನೇ ಎಂದು ನನಗೆ ಸಿಟ್ಟೇ ಬಂದಿತ್ತು.

ಮರುದಿನ ನಾಲ್ಕನೆಯ ಮೆಟ್ಟಿಲು, ಅದರ ಮರುದಿನ ನೆಲ. ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವಳು ಅವಳೇ, ಆದರೆ ನಿನ್ನೆ ನಿಂತಲ್ಲಿಯೇ ಇವತ್ತೂ ನಿಲ್ಲುವಂತಿಲ್ಲ ಎಂಬುದು ಅಲ್ಲಿಯ ಕರಾರು. ಅದುವರೆಗೆ ನನ್ನ ಮಗಳಿಗೆ ಭಯವೆಂದರೆ ಇದೆ ಅಥವಾ ಇಲ್ಲ, ಎರಡೇ ಸ್ಥಿತಿ. ಅದನ್ನು ಮೆಟ್ಟಿಲುಗಳಾಗಿ ಕತ್ತರಿಸಬಹುದು, ಇವತ್ತಿಗೆ ಇಷ್ಟು ಎಂದು ಅಳೆದುಕೊಳ್ಳಬಹುದು ಎಂಬುದು ಆ ವಾರ ಅವಳಿಗೆ ತಿಳಿಯಿತು. ಕೆಲವು ತಿಂಗಳ ನಂತರ ಶಾಲೆಯಲ್ಲಿ ವೇದಿಕೆ ಹತ್ತಿ ಮಾತನಾಡಬೇಕಾಗಿ ಬಂದಾಗ, "ಮೊದಲು ನಿನ್ನೊಬ್ಬನ ಮುಂದೆ ಹೇಳ್ತೀನಿ, ಆಮೇಲೆ ಅಜ್ಜಿ ಮುಂದೆ, ಆಮೇಲೆ ತರಗತಿಯಲ್ಲಿ," ಎಂದು ತಾನೇ ಮೆಟ್ಟಿಲು ಕಟ್ಟಿಕೊಂಡಳು. ಇದನ್ನು ಅವಳಿಗೆ ನಾನಂತೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಎರಡು ವಾರ ಬರೀ ಗುಳ್ಳೆ ಬಿಡುವುದೇ ಪಾಠವಾಯಿತು. ಕೊಳದ ಅಂಚು ಹಿಡಿದು, ಮುಖ ನೀರಿಗಿಟ್ಟು, ಮೂಗಿನಿಂದ ಉಸಿರು ಹೊರಗೆ ಬಿಡಬೇಕು. ತಲೆ ಎತ್ತಿ ಬಾಯಿಯಿಂದ ಒಳಗೆ ಎಳೆದುಕೊಳ್ಳಬೇಕು. ಮತ್ತೆ ಮುಖ ನೀರಿಗೆ. ಮೂಗಿಗೆ ನೀರು ಹೋಗುತ್ತದೆಂದು ಅಳುವ ಮಕ್ಕಳಿಗೆ ಮೇಡಂ ನೀರೊಳಗೆ ಹಾಡು ಗುನುಗಲು ಹೇಳುತ್ತಿದ್ದರು. ಬಾಯಿ ಮುಚ್ಚಿ ಗುನುಗುವಾಗ ಗಾಳಿ ತಾನಾಗಿಯೇ ಮೂಗಿನಿಂದ ಹೊರಗೆ ಹೋಗುತ್ತಿರುತ್ತದೆ, ಗಾಳಿ ಹೊರಗೆ ಬರುವ ದಾರಿಯಲ್ಲಿ ನೀರು ಒಳಗೆ ನುಗ್ಗುವುದಿಲ್ಲ. ಎಂಟು ಮಕ್ಕಳು ಸಾಲಾಗಿ ನೀರಿಗೆ ಮುಖವಿಟ್ಟು ಬೇರೆ ಬೇರೆ ಹಾಡು ಗುನುಗಿದರೆ ಮೇಲಿನವರಿಗೆ ಕೇಳಿಸುವ ಸದ್ದು ಜೇನುಗೂಡಿನ ಸದ್ದೇ ಸರಿ.

ಇಷ್ಟು ಸಣ್ಣ ಕೆಲಸಕ್ಕೆ ಎರಡು ವಾರ ಯಾಕೆ ಎಂದು ಮೇಡಂ ಅವರನ್ನೇ ಕೇಳಿದೆ. ನೀರಿನ ಭಯವಿರುವವರು ಮಾಡುವ ಮೊದಲ ತಪ್ಪೆಂದರೆ ಉಸಿರು ಕಟ್ಟಿ ಹಿಡಿಯುವುದು ಎಂದು ಅವರು ವಿವರಿಸಿದರು. ಉಸಿರು ಬೇಕೆಂಬ ತಳಮಳವನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಆಮ್ಲಜನಕ ಸಾಕಷ್ಟು ಇರುವಾಗಲೇ ಆ ತಳಮಳ ಶುರುವಾಗುತ್ತದೆ. ಹಿಡಿದಿಟ್ಟ ಗಾಳಿಯನ್ನು ನೀರೊಳಗೇ ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಬಂದವರಿಗೆ ತಲೆ ಎತ್ತಿದಾಗ ಒಳಗೆ ಎಳೆದುಕೊಳ್ಳುವ ಕೆಲಸವೊಂದೇ ಉಳಿದಿರುತ್ತದೆ. ಕಟ್ಟಿ ಹಿಡಿದವರಾದರೋ ಆ ಅರೆಕ್ಷಣದಲ್ಲಿ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೇ ಮಾಡಲು ಹೋಗಿ ನೀರು ಕುಡಿಯುತ್ತಾರೆ. ನನ್ನ ಮಗಳು ಮನೆಯಲ್ಲಿ ಬಕೆಟ್ಟಿನ ಮುಂದೆ ಕುಳಿತು ಇದನ್ನು ಅಭ್ಯಾಸ ಮಾಡಿದಳು. ಒಂದು ಸಂಜೆ ಗಣಿತದ ಲೆಕ್ಕ ಬಿಡಿಸಲಾಗದೆ ಮುಖ ಕೆಂಪಗೆ ಮಾಡಿಕೊಂಡವಳು ಇದ್ದಕ್ಕಿದ್ದಂತೆ ನಿಂತು, ಬಾಯಿ ಮುಚ್ಚಿ ದೀರ್ಘವಾಗಿ ಗುನುಗಿ, ಮತ್ತೆ ಕುಳಿತು ಪುಸ್ತಕ ತೆರೆದಳು. ಏನದು ಎಂದು ಕೇಳಿದ್ದಕ್ಕೆ "ಗುಳ್ಳೆ" ಎಂದಳು.

ನಂತರ ಬಂದದ್ದು ತೇಲುವುದು. ನನ್ನ ಮಟ್ಟಿಗೆ ಈ ಇಡೀ ಕಲಿಕೆಯ ನಡುಗಂಬ ಅದೇ. ಮಾನವ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ. ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡಾಗ ಬಹುತೇಕ ಎಲ್ಲರೂ ತೇಲುತ್ತಾರೆ ಎಂಬುದು ಪುಸ್ತಕದ ಮಾತು. ಆದರೆ ಬೆನ್ನ ಮೇಲೆ ಮಲಗಿದ ಮಗು ತಲೆ ಎತ್ತಿ ತನ್ನ ಕಾಲಿನ ಕಡೆ ನೋಡಿತೋ, ಸೊಂಟ ಕುಸಿಯಿತು, ಕಾಲು ಇಳಿಯಿತು, ಗಾಬರಿ ಹತ್ತಿತು, ಗಾಬರಿಗೆ ಕೈ ಮೇಲೆದ್ದಿತು. ನೀರಿನಿಂದ ಹೊರಗೆತ್ತಿದ ಕೈಯ ಭಾರ ಉಳಿದ ಮೈಯನ್ನು ಇನ್ನಷ್ಟು ಕೆಳಗೆ ಒತ್ತಿತು. ಹೆದರಿದವರು ಏನೇನು ಮಾಡುತ್ತಾರೋ ಅದೆಲ್ಲವೂ ಮುಳುಗಿಸುವ ಕೆಲಸವೇ. ಕಷ್ಟದಲ್ಲಿರುವವರ ಪಾಡನ್ನು ಹೇಳಲು ನಾವು 'ಕೈಕಾಲು ಬಡಿಯುವುದು' ಎನ್ನುತ್ತೇವಲ್ಲ, ಆ ಮಾತು ಎಲ್ಲಿಂದ ಬಂದಿರಬಹುದೆಂದು ನನಗೆ ಹೊಳೆದದ್ದು ಆ ಬೆಂಚಿನ ಮೇಲೆ.

ಮೇಡಂ ಅವರ ವಿಧಾನ ಹೀಗಿತ್ತು. ಮಗುವಿನ ತಲೆಯ ಕೆಳಗೆ ಒಂದು ಅಂಗೈ, ಬೆನ್ನಿನ ಕೆಳಗೆ ಇನ್ನೊಂದು. ಕಿವಿ ನೀರಿನಲ್ಲಿ, ಕಣ್ಣು ಚಾವಣಿಯ ಮೇಲೆ, ಹೊಟ್ಟೆ ಮೇಲಕ್ಕೆ, ಕೈಕಾಲು ನಕ್ಷತ್ರದಂತೆ ಅಗಲಕ್ಕೆ. ಸ್ವಲ್ಪ ಹೊತ್ತಿನ ನಂತರ ಬೆನ್ನ ಕೆಳಗಿನ ಅಂಗೈ ಎರಡು ಬೆರಳಾಗುತ್ತಿತ್ತು, ಎರಡು ಬೆರಳು ಒಂದಾಗುತ್ತಿತ್ತು. ತಲೆಯ ಕೆಳಗಿನ ಕೈ ಕೊನೆಗೆ ತೆಗೆಯುವುದು. ತೆಗೆಯುವ ಮುಂಚೆ ಅವರು "ಈಗ ಬಿಡ್ತೀನಿ" ಎಂದು ಹೇಳಿಯೇ ಬಿಡುತ್ತಿದ್ದರು. ಹೇಳದೆ ಕೈ ತೆಗೆದು, ಆಮೇಲೆ "ನೋಡಿದೆಯಾ, ನಾನು ಹಿಡಿದೇ ಇರಲಿಲ್ಲ" ಎನ್ನುವ ಆಟ ಅವರಿಗೆ ಸರಿಬರುತ್ತಿರಲಿಲ್ಲ. ಒಮ್ಮೆ ಹಾಗೆ ಮೋಸ ಹೋದ ಮಗು ಮುಂದೆ ಹತ್ತು ಸಲ ಕೈ ಇದೆಯೋ ಇಲ್ಲವೋ ಎಂದು ತಲೆ ಎತ್ತಿ ನೋಡುತ್ತದೆ ಎನ್ನುತ್ತಿದ್ದರು. ಸೈಕಲ್ ಕಲಿಸುವಾಗ ನಾನು ಮಾಡಿದ್ದು ಅದೇ ಮೋಸವನ್ನು. ಅದನ್ನು ಮಗಳು ಇನ್ನೂ ಮರೆತಿಲ್ಲ.

ಈ ಹಂತದಲ್ಲಿ ನನ್ನ ಉಪದ್ರವ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬೇಕು. ಬೆಂಚಿನಿಂದ "ತಲೆ ಹಿಂದಕ್ಕೆ! ಹೊಟ್ಟೆ ಮೇಲೆ!" ಎಂದು ಕೂಗುತ್ತಿದ್ದೆ. ಮಗಳು ಪ್ರತಿ ಸಲ ನನ್ನ ಮುಖ ನೋಡಲು ತಲೆ ಎತ್ತುತ್ತಿದ್ದಳು, ತಲೆ ಎತ್ತಿದ ಕೂಡಲೇ ಕಾಲು ಮುಳುಗುತ್ತಿತ್ತು. ಮೂರನೆಯ ದಿನ ಮೇಡಂ ಬಂದು, "ನೀವು ದಯವಿಟ್ಟು ಆ ಕೊನೆಯ ಬೆಂಚಿಗೆ ಹೋಗಿ ಕೂತ್ಕೊಳ್ಳಿ. ನೀವು ಅವಳಿಗೆ ಕಾಣಬಾರದು, ಅವಳು ನಿಮಗೆ ಕಾಣಬೇಕು," ಎಂದರು. ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋದೆ. ಆ ವಾರದ ಶುಕ್ರವಾರ ಮಗಳು ತಾನಾಗಿಯೇ ತೇಲಿದಳು. ಮೇಡಂ ಇಪ್ಪತ್ತರವರೆಗೆ ಎಣಿಸಿದರು. ನೀರಿನ ಮೇಲೆ ಮಲಗಿದ ಅವಳ ಮುಖದಲ್ಲಿ ಗೆದ್ದ ಸಂಭ್ರಮವೇನೂ ಇರಲಿಲ್ಲ, ನಿದ್ದೆ ಬರುವ ಮುಂಚಿನ ಮುಖದಂತೆ ಸಡಿಲವಾಗಿತ್ತು. ಎದ್ದು ನಿಂತ ಮೇಲೆ ಹಲ್ಲು ಕಟಕಟ ಎನ್ನುತ್ತಿತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ಮಕ್ಕಳ ಮೈತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಾದ್ದರಿಂದ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ, ಅದರಲ್ಲೂ ಅಲುಗಾಡದೆ ಮಲಗಿದ್ದಾಗ. ತುಟಿ ನೀಲಿಯಾದರೆ ಪಾಠ ಅರ್ಧವಾಗಿದ್ದರೂ ಹೊರಗೆ ಬರಬೇಕು, ಅದನ್ನು ಮಗುವೇ ಬಾಯಿಬಿಟ್ಟು ಹೇಳಬೇಕು ಎಂಬ ನಿಯಮವಿತ್ತು. ಚಳಿಯಾಗುತ್ತಿದೆ, ಸುಸ್ತಾಗಿದೆ, ಹೆದರಿಕೆಯಾಗುತ್ತಿದೆ ಎಂಬ ಈ ಮೂರು ಮಾತುಗಳನ್ನು ನಾಚಿಕೆಯಿಲ್ಲದೆ ಹೇಳುವುದನ್ನು ಕೊಳದಲ್ಲಿ ಕಲಿಸುತ್ತಿದ್ದರು. ಗಂಡುಮಕ್ಕಳಿಗೆ ಇದು ಹೆಚ್ಚು ಕಷ್ಟವಾದಂತೆ ನನಗೆ ಕಂಡಿತು. ಮನೆಯಲ್ಲಿ ಅವರಿಗೆ ನಾವು ಏನು ಹೇಳಿ ಬೆಳೆಸಿದ್ದೇವೆ ಎಂಬುದು ಅಲ್ಲಿ ಗೊತ್ತಾಗುತ್ತಿತ್ತು.

ಮೂರನೆಯ ತಿಂಗಳಲ್ಲಿ ನಾನೂ ದೊಡ್ಡವರ ಬ್ಯಾಚಿಗೆ ಸೇರಿಕೊಂಡೆ. ಮಗಳ ಒತ್ತಾಯ ಒಂದು ಕಾರಣವಾದರೆ, ಬೆಂಚಿನ ಮೇಲೆ ಕುಳಿತು ಬೇಸತ್ತದ್ದು ಇನ್ನೊಂದು. ನಲವತ್ತೊಂದರ ವಯಸ್ಸಿನಲ್ಲಿ ಟೋಪಿ, ಕನ್ನಡಕ ಹಾಕಿಕೊಂಡು ಸೊಂಟದಾಳದ ನೀರಿನಲ್ಲಿ ಅಂಚು ಹಿಡಿದು ನಿಂತವನಿಗೆ, ಏಣಿಯ ಮೂರನೆಯ ಮೆಟ್ಟಿಲಿನ ಮಗಳು ಯಾವ ಧೈರ್ಯ ಮಾಡಿದ್ದಳೆಂಬುದು ಅರ್ಥವಾಯಿತು. ತೇಲುವುದರ ವಿವರಣೆಯೆಲ್ಲ ನನಗೆ ಬಾಯಿಪಾಠವಾಗಿತ್ತು, ಆದರೆ ಕುತ್ತಿಗೆ ಮಾತ್ರ ಕಲ್ಲಿನ ಹಾಗೆ ಬಿಗಿದುಕೊಂಡು ಬಗ್ಗುತ್ತಿರಲಿಲ್ಲ. ಒಂದು ಭಾನುವಾರ ಮಗಳು ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದವಳು, "ಅಪ್ಪಾ, ನಿನ್ನ ಕಿವಿ ಇನ್ನೂ ಒಣಗೇ ಇದೆ. ಕಿವಿ ಒದ್ದೆ ಮಾಡಿಕೊಳ್ಳದೆ ಯಾರೂ ತೇಲಲ್ಲ," ಎಂದಳು. ಅವಳು ಹೇಳಿದಂತೆಯೇ ಮಾಡಿದೆ. ಕಿವಿ ಮುಳುಗಿದ ಕೂಡಲೇ ಹೊರಗಿನ ಗದ್ದಲವೆಲ್ಲ ನಿಂತು ನನ್ನ ಉಸಿರು ಮಾತ್ರ ಕೇಳಿಸಿತು, ಸೊಂಟ ತಾನಾಗಿ ಮೇಲೆ ಬಂತು. ಅಪ್ಪನಿಗೆ ಬಾರದ ಒಂದು ವಿದ್ಯೆ ತನಗೆ ಬರುತ್ತದೆ, ಅದನ್ನು ಅಪ್ಪನಿಗೆ ಹೇಳಿಕೊಡಲೂ ಬರುತ್ತದೆ ಎಂಬುದು ಎಂಟು ವರ್ಷದ ಮಗುವಿಗೆ ಏನು ಕೊಡುತ್ತದೆ ಎಂದು ನಾನು ಹೇಳಲಾರೆ. ಅವತ್ತು ಮನೆಗೆ ಹೋಗುವವರೆಗೂ ಅವಳು ನನ್ನ ಕೈ ಹಿಡಿದು ಮುಂದೆ ಮುಂದೆ ನಡೆದಳು.

ಕೈ ಬೀಸುವುದು, ಕಾಲು ಬಡಿಯುವುದು, ಕಿಕ್‌ಬೋರ್ಡ್ ಹಿಡಿದು ಅಡ್ಡಡ್ಡ ಹೋಗುವುದು ಇತ್ಯಾದಿಗಳನ್ನು ಇಲ್ಲಿ ವಿವರಿಸುವುದಿಲ್ಲ. ಎಲ್ಲ ಕಡೆಯೂ ಇರುವ ಪಾಠವೇ ಅದು. ಒಂದು ಸಂಗತಿ ಮಾತ್ರ ಹೇಳಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ನೆಲದ ಮೇಲೆ ಉಪಯೋಗಕ್ಕೆ ಬರುವ ಅವಸರ ನೀರಿನಲ್ಲಿ ಬರುವುದಿಲ್ಲ. ರಭಸದಿಂದ ಕೈ ಬೀಸಿದ ಮಗು ನೀರೆರಚಿ, ಏದುಸಿರು ಬಿಟ್ಟು, ಇದ್ದಲ್ಲೇ ಇರುತ್ತದೆ. ಗೋಡೆಯನ್ನು ಕಾಲಿನಿಂದ ಒದ್ದು, ಮೈ ಬಾಣದಂತೆ ಚಾಚಿ, ಸುಮ್ಮನೆ ಜಾರುವ ಮಗು ಅದನ್ನು ದಾಟಿ ಹೋಗುತ್ತದೆ. ಒಂದೇ ಅಗಲವನ್ನು ಇಪ್ಪತ್ತು ಬೀಸಿನಲ್ಲಿ ದಾಟಿದವರು ಮುಂದಿನ ಸಲ ಹದಿನೆಂಟರಲ್ಲಿ, ಆಮೇಲೆ ಹದಿನಾರರಲ್ಲಿ ದಾಟಬೇಕೆಂಬುದು ಮೇಡಂ ಆಡಿಸುತ್ತಿದ್ದ ಪಂದ್ಯ. ಕಡಿಮೆ ಮಾಡಿದವರಿಗೆ ಗೆಲುವು. ಮೊದಮೊದಲು ಮಕ್ಕಳಿಗೆ ಈ ಲೆಕ್ಕವೇ ಹಿಡಿಸಲಿಲ್ಲ. ಎಲ್ಲ ಕಡೆ ಹೆಚ್ಚು ಪಡೆದವರು ಗೆಲ್ಲುವುದನ್ನು ನೋಡಿದ ಮಕ್ಕಳಲ್ಲವೇ.

ಎಣಿಸುವುದರ ಉಪಯೋಗ ನಿಜವಾಗಿ ಕಂಡದ್ದು ಬ್ಯಾಕ್‌ಸ್ಟ್ರೋಕ್ ಶುರುವಾದಾಗ. ಅಂಗಾತ ಮಲಗಿ ಈಜುವವರಿಗೆ ಮುಂದಿರುವ ಗೋಡೆ ಕಾಣುವುದಿಲ್ಲ, ಗೋಡೆಗೆ 5 ಮೀಟರ್ ಮೊದಲು ಕೊಳಕ್ಕೆ ಅಡ್ಡಲಾಗಿ ಬಣ್ಣದ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ತಲೆಯ ಮೇಲೆ ಬಂದ ಮೇಲೆ ಗೋಡೆಗೆ ಎಷ್ಟು ಕೈಬೀಸು ಎಂಬುದು ಒಬ್ಬೊಬ್ಬರದು ಒಂದೊಂದು. ಅದನ್ನು ಅವರವರೇ ಕಂಡುಕೊಳ್ಳಬೇಕು. ಪಕ್ಕದ ಲೇನಿನ ಹುಡುಗನ ಆರನ್ನು ನಂಬಿ ಈಜಿದ ನನ್ನ ಮಗಳು, ಆರು ಮುಗಿದರೂ ಗೋಡೆ ಸಿಗದೆ ಕಂಗಾಲಾದಳು. ಅವಳದು ಎಂಟು. ಕಂಡುಕೊಂಡ ಮೇಲೆ, ಕಾಣದ ಗೋಡೆಗೆ ಎಂಟನೆಯ ಬೀಸಿನಲ್ಲಿ ಕೈ ಚಾಚಿ ಮುಟ್ಟುವುದನ್ನು ನಾನು ಎಷ್ಟು ಸಲ ನೋಡಿದರೂ ಬೇಸರವಾಗಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಂತಾದಾಗ, ಅವರು ತಮ್ಮ ಕೈಬೀಸುಗಳನ್ನು ಎಣಿಸುತ್ತಲೇ ಗೋಡೆ ಮುಟ್ಟಿ, 1 ನಿಮಿಷ 52.03 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಈ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಕೇಳಿದ ಪ್ರಶ್ನೆ ಒಂದೇ: "ಅವರದು ಎಷ್ಟು?"

ಐದನೆಯ ತಿಂಗಳಿನ ಒಂದು ದಿನದ ಬಗ್ಗೆ ಬರೆಯದೆ ಮುಂದೆ ಹೋಗುವಂತಿಲ್ಲ. ಆ ಹೊತ್ತಿಗೆ ಮಗಳು ಬೋರ್ಡ್ ಇಲ್ಲದೆ ಹತ್ತು ಹನ್ನೆರಡು ಮೀಟರ್ ಈಜುತ್ತಿದ್ದಳು, ಅವಳಿಗೂ ನನಗೂ ಸ್ವಲ್ಪ ಜಂಬ ಬಂದಿತ್ತು. ಪಾಠ ಮುಗಿದ ನಂತರದ ಹತ್ತು ನಿಮಿಷ ಮಕ್ಕಳಿಗೆ ಆಟಕ್ಕೆ ಬಿಡುತ್ತಿದ್ದರು. ನಾನು ನನ್ನ ಬ್ಯಾಚ್ ಮುಗಿಸಿ ಅಂಚಿನಲ್ಲಿ ಕುಳಿತು ಫೋನಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದೆ. ನನ್ನಿಂದ ಮೂರು ಮಾರು ದೂರದಲ್ಲಿ ಮಗಳು ಕೊಳದ ತಳ ಇಳಿಜಾರಾಗುವ ಕಡೆಗೆ ಈಜಿಕೊಂಡು ಹೋಗಿದ್ದಳು. ಸುಸ್ತಾಗಿದೆ, ನಿಲ್ಲೋಣವೆಂದು ಕಾಲು ಇಳಿಸಿದರೆ ನೆಲ ಸಿಗಲಿಲ್ಲ. ಫೋನಿನಿಂದ ತಲೆ ಎತ್ತಿದಾಗ ನಾನು ಕಂಡದ್ದು ಇಷ್ಟು: ಅವಳು ನೀರಿನಲ್ಲಿ ನೆಟ್ಟಗೆ ನಿಂತಂತೆ ಇದ್ದಳು, ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿತ್ತು, ಕೈಗಳು ಎರಡೂ ಬದಿಗೆ ನೀರನ್ನು ಒತ್ತುತ್ತಿದ್ದವು. ಆಟವಾಡುತ್ತಿದ್ದಾಳೆ ಎಂದುಕೊಂಡೆ. ಸದ್ದೇ ಇರಲಿಲ್ಲ. ಅಷ್ಟರಲ್ಲಿ ಮೇಡಂ ಆ ಕಡೆಯಿಂದ ಉದ್ದನೆಯ ಕೋಲನ್ನು ಚಾಚಿ, ಅದು ಅವಳ ಕೈಗೆ ತಾಗಿ, ಅವಳು ಹಿಡಿದು, ಎಳೆದುಕೊಂಡದ್ದೂ ಆಗಿತ್ತು. ಎಲ್ಲ ಸೇರಿ ಹದಿನೈದು ಸೆಕೆಂಡು ಇರಬಹುದು. ನಾನಿನ್ನೂ ಫೋನು ಹಿಡಿದೇ ನಿಂತಿದ್ದೆ.

ಮುಳುಗುವವರು ಕೂಗುತ್ತಾರೆ, ಕೈ ಬೀಸಿ ಕರೆಯುತ್ತಾರೆ ಎಂಬುದು ನಮ್ಮೆಲ್ಲರ ತಲೆಯಲ್ಲಿರುವ ಚಿತ್ರ. ಉಸಿರಾಡಲೇ ಆಗದ ಬಾಯಿಗೆ ಕೂಗಲು ಹೇಗೆ ಸಾಧ್ಯ? ಕೈಗಳಾದರೋ ಬಾಯಿಯನ್ನು ನೀರಿನ ಮೇಲೆ ಇಡಲು ತಾವಾಗಿಯೇ ನೀರನ್ನು ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ. ಹೀಗೆ ನೀರಿನ ಮೇಲ್ಮೈಯಲ್ಲಿ ಉಳಿಯುವ ಕಾಲ ಸಾಮಾನ್ಯವಾಗಿ ಒಂದು ನಿಮಿಷವನ್ನು ಮೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. 1ರಿಂದ 4 ವರ್ಷದ ಮಕ್ಕಳ ಸಾವಿನ ಪ್ರಮುಖ ಕಾರಣಗಳಲ್ಲಿ ಇದು ನಾಲ್ಕನೆಯದು, 5ರಿಂದ 14 ವರ್ಷದವರಲ್ಲಿ ಮೂರನೆಯದು. ಶಾಲೆಗೆ ಹೋಗುವ, 6 ವರ್ಷ ದಾಟಿದ ಮಕ್ಕಳಿಗೆ ಈಜಿನ ಮೂಲಪಾಠದ ಜೊತೆಗೆ ನೀರಿನ ಬಳಿ ಸುರಕ್ಷಿತವಾಗಿರುವುದನ್ನೂ ತಾನು ಅಪಾಯಕ್ಕೆ ಸಿಗದೆ ಇನ್ನೊಬ್ಬರನ್ನು ಕಾಪಾಡುವುದನ್ನೂ ಕಲಿಸಬೇಕೆಂದು ಆ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಈ ಅಂಕಿಗಳನ್ನು ನಾನು ಮೊದಲೂ ಓದಿದ್ದೆ. ಓದಿದ್ದವನೇ ಮೂರು ಮಾರು ದೂರದಲ್ಲಿ ಕುಳಿತು ಅದನ್ನು ಆಟವೆಂದುಕೊಂಡದ್ದು.

ಮೇಡಂ ಅಂದು ನನಗೆ ಏನನ್ನೂ ಹೇಳಲಿಲ್ಲ, ಹೇಳಿದ್ದರೆ ವಾಸಿಯಿತ್ತು. ಮಗಳನ್ನು ಟವೆಲಿನಲ್ಲಿ ಸುತ್ತಿ ಕೂರಿಸಿಕೊಂಡು, ಅಳು ನಿಂತ ಮೇಲೆ, ಆದದ್ದನ್ನು ಅವಳಿಂದಲೇ ಹೇಳಿಸಿದರು. "ಸುಸ್ತಾಯಿತು, ನಿಲ್ಲಲು ಹೋದೆ, ನೆಲ ಇರಲಿಲ್ಲ," ಎಂದಳು. "ಸುಸ್ತಾಗುವುದು ತಪ್ಪಲ್ಲ ಪುಟ್ಟ. ಸುಸ್ತಾದಾಗ ಮಗುಚಿಕೊಂಡು ನಕ್ಷತ್ರ ಆಗಬೇಕಿತ್ತು, ಅದು ನಿನಗೆ ಬರುತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪಾಗುವ ಹಾಗೆ ಮಾಡೋಣ," ಎಂದರು. ಅದೇ ಸಂಜೆ ಅವಳನ್ನು ಸೊಂಟದಾಳಕ್ಕೆ ಕರೆದುಕೊಂಡು ಹೋಗಿ, ಇಪ್ಪತ್ತು ಎಣಿಸುವವರೆಗೆ ತೇಲಿಸಿ, ನಂತರವೇ ಮನೆಗೆ ಕಳಿಸಿದರು. ಮುಂದಿನ ಒಂದು ತಿಂಗಳು ಇಡೀ ಗುಂಪಿಗೆ ಅದೇ ಅಭ್ಯಾಸ: ಐದು ಬೀಸು ಈಜು, ಮಗುಚು, ತೇಲು, ಮೂರು ಉಸಿರು, ಮತ್ತೆ ಮಗುಚು, ಈಜು. ಮಲಗಿದಲ್ಲೇ ಮಗ್ಗುಲು ಬದಲಿಸುವಷ್ಟು ಸಲೀಸಾಗಿ ಅದು ಮೈಗೆ ಹತ್ತುವವರೆಗೆ ಬಿಡಲಿಲ್ಲ.

ಅದರ ಜೊತೆಗೆ ಅವಳನ್ನು ಸಣ್ಣವರ ಗುಂಪಿಗೆ ಇಳಿಸಿದರು. ಆರು ವರ್ಷದ ಮಕ್ಕಳ ನಡುವೆ ತಲೆ ಎತ್ತರವಾಗಿ ಕಾಣುತ್ತಿದ್ದ ಇವಳು ಎರಡು ದಿನ ಮಾತು ಬಿಟ್ಟಳು. ನನಗೂ ಇಷ್ಟವಾಗಿರಲಿಲ್ಲ, ಹೋಗಿ ಕೇಳಬೇಕೆಂದೂ ಇದ್ದೆ. ಕೇಳದೆ ಉಳಿದದ್ದು ಒಳ್ಳೆಯದಾಯಿತು. ಶಾಲೆಯಲ್ಲಿ ಒಂದು ತರಗತಿ ದಾಟಿದರೆ ಅರ್ಧಂಬರ್ಧ ತಿಳಿದದ್ದೂ ದಾಟಿಬಿಡುತ್ತದೆ. ನೀರು ಹಾಗೆ ದಾಟಲು ಬಿಡುವುದಿಲ್ಲ, ತೇಲಿದರೆ ತೇಲಿದಂತೆ, ಇಲ್ಲವಾದರೆ ಇಲ್ಲ. ಹಿಂದಿನ ಪಾಠಕ್ಕೆ ಮರಳುವುದು ಅವಮಾನವಲ್ಲವೆಂದು ನಾವು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳು ನಂಬುವುದಿಲ್ಲ. ಮೂರನೆಯ ದಿನ ಒಬ್ಬ ಪುಟಾಣಿ ಮುಖ ನೀರಿಗಿಡಲು ಒಲ್ಲೆನೆಂದು ಅಳುತ್ತಿದ್ದಾಗ ಇವಳು ಪಕ್ಕದಲ್ಲಿ ನಿಂತು, "ಯಾವ ಹಾಡು ಬರುತ್ತೆ ನಿನಗೆ?" ಎಂದು ಕೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಅಲ್ಲಿಂದ ಮುಂದೆ ಮಾತು ಬಿಟ್ಟದ್ದು ಮರೆತುಹೋಯಿತು.

ದೊಡ್ಡ ಮಕ್ಕಳಲ್ಲಿ ಒಂದು ಕೆಟ್ಟ ಚಟವಿತ್ತು. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ. ಅದಕ್ಕೆ ಮುಂಚೆ ಏದುಸಿರು ಬಿಟ್ಟಂತೆ ಬೇಗ ಬೇಗ ಉಸಿರೆಳೆದು ತಯಾರಾಗುವುದು. ಮೇಡಂ ಸಿಟ್ಟಾದದ್ದನ್ನು ನಾನು ನೋಡಿದ್ದು ಆ ಒಂದೇ ವಿಷಯಕ್ಕೆ. ಹಾಗೆ ಉಸಿರೆಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತದೆ, ಉಸಿರು ಬೇಕೆಂಬ ಎಚ್ಚರಿಕೆ ತಡವಾಗಿ ಬರುತ್ತದೆ, ಅದು ಬರುವ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೇ ಹೀಗೆ ಸಾಯುವುದುಂಟು. ಇದನ್ನು ಅವರು ಎಂಟು ಹತ್ತು ವರ್ಷದ ಮಕ್ಕಳಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ಸಾವಿನ ಮಾತನ್ನು ಮಕ್ಕಳ ಮುಂದೆ ಆಡಬಾರದೆಂದು ತಂದೆಯೊಬ್ಬರು ಆಕ್ಷೇಪಿಸಿದರು. ನನಗೆ ಮೇಡಂ ಅವರದೇ ಸರಿ ಎನಿಸಿತು. ಕಾರಣ ಗೊತ್ತಿರುವ ನಿಯಮವನ್ನು ಮಕ್ಕಳು ನಾವು ನೋಡದಿರುವಾಗಲೂ ಪಾಲಿಸುತ್ತಾರೆ.

ಇನ್ನೊಬ್ಬರನ್ನು ಕಾಪಾಡುವ ಪಾಠದಲ್ಲಿ ಅವರು ಮೊದಲು ಹೇಳಿದ್ದು 'ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ' ಎಂಬ ಗಾದೆಯನ್ನು. ಆ ಹುಲ್ಲುಕಡ್ಡಿ ನೀವಾಗಬೇಡಿ ಎಂದು ಅದನ್ನು ತಿರುಗಿಸಿ ಹೇಳಿದರು. ಮುಳುಗುತ್ತಿರುವವರು ಕೈಗೆ ಸಿಕ್ಕದ್ದನ್ನು ಅಪ್ಪಿ ಹಿಡಿಯುತ್ತಾರೆ, ಹಾರಿದ ಗೆಳೆಯನನ್ನೂ ಹಾಗೆಯೇ ಹಿಡಿದು ಕೆಳಗೆ ಒತ್ತುತ್ತಾರೆ. ಆದ್ದರಿಂದ ಮೊದಲು ಕೂಗಿ ದೊಡ್ಡವರನ್ನು ಕರೆ. ನೆಲದ ಮೇಲೆ ಮಲಗಿ ಕೋಲನ್ನೋ ಟವೆಲನ್ನೋ ಚಾಚು. ಅದಕ್ಕೆ ಎಟುಕದಿದ್ದರೆ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆ. ನೀರಿಗೆ ಮಾತ್ರ ಹಾರಬೇಡ. ಗೆಳೆಯನಿಗಾಗಿ ಪ್ರಾಣ ಕೊಡುವ ಕಥೆಗಳನ್ನೇ ಕೇಳಿ ಬೆಳೆದ ಮಕ್ಕಳಿಗೆ ಇದು ಹೇಡಿತನವೆಂದೇ ಮೊದಲು ಅನಿಸಿತು. ಮಗಳಿಗೆ ಹಾಗನಿಸಲಿಲ್ಲ, ಏಕೆಂದರೆ ಅವಳನ್ನು ದಡಕ್ಕೆ ತಂದದ್ದು ಒಂದು ಕೋಲು.

ಈಜಿನಿಂದ ಮಕ್ಕಳ ಬುದ್ಧಿ ಚುರುಕಾಗುತ್ತದೆ, ಅಂಕ ಹೆಚ್ಚುತ್ತದೆ, ಎತ್ತರ ಬೆಳೆಯುತ್ತಾರೆ ಎಂದೆಲ್ಲ ಹೇಳುವವರಿದ್ದಾರೆ. ನನ್ನ ಮಗಳ ಅಂಕ ಇದ್ದಂತೆಯೇ ಇದೆ. ಶಿಸ್ತು ಬಂದಿದೆಯೇ ಎಂದರೆ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವುದು ಇಂದಿಗೂ ನಿಂತಿಲ್ಲ. ಹಸಿವು ಹೆಚ್ಚಿತು, ರಾತ್ರಿ ಬೇಗ ನಿದ್ದೆ ಹತ್ತಿತು, ಅಷ್ಟು ನಿಜ. ಕೊಳಕ್ಕೆ ಇಳಿಯುವ ಮುಂಚೆ ಸೋಪು ಹಾಕಿ ಸ್ನಾನ ಮಾಡಲೇಬೇಕೆಂಬುದು ಅವಳಿಗೆ ಈಗ ವ್ರತದಂತಾಗಿದೆ. ಕೊಳದ ಬಳಿ ಮೂಗಿಗೆ ರಾಚುವ ವಾಸನೆ ಬರೀ ಕ್ಲೋರಿನ್ನಿನದಲ್ಲ, ಕ್ಲೋರಿನ್ ಜೊತೆ ಬೆವರು, ಮೂತ್ರ ಸೇರಿ ಹುಟ್ಟುವ ಕ್ಲೋರಮೈನುಗಳದು ಎಂದು ತಿಳಿದಂದಿನಿಂದ ಅವಳು ಪಕ್ಕದ ಲೇನಿನವರನ್ನೂ ಸ್ನಾನವಾಯಿತೇ ಎಂದು ವಿಚಾರಿಸುತ್ತಾಳೆ. ಕೆಲವರಿಗೆ ಇದರಿಂದ ಸಿಟ್ಟು ಬಂದದ್ದೂ ಉಂಟು.

ಹನ್ನೊಂದನೆಯ ತಿಂಗಳ ಕೊನೆಯಲ್ಲಿ ಅವಳು ಕೊಳದ 25 ಮೀಟರ್ ಉದ್ದವನ್ನು ಹೋಗಿ ಬರುವಷ್ಟು, ಆಳದ ಬದಿಯಲ್ಲಿ ಎರಡು ನಿಮಿಷ ನಿಂತಲ್ಲೇ ನೀರು ತುಳಿಯುವಷ್ಟು, ತೊಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದು ಅಂಚು ಸೇರುವಷ್ಟು ಕಲಿತಳು. ಬಟ್ಟೆ ತೊಟ್ಟು ಈಜುವ ಪರೀಕ್ಷೆಯ ದಿನ ಜೀನ್ಸ್ ಪ್ಯಾಂಟು ಎಷ್ಟು ಭಾರವಾಗುತ್ತದೆಂದು ನೋಡಿ ಅವಳೇ ದಂಗಾದಳು. ನಾನು ಒಂದು ಉದ್ದ ಹೋಗುತ್ತೇನೆ, ನಡುವೆ ಒಮ್ಮೆ ಮಗುಚಿ ತೇಲುತ್ತೇನೆ.

ಅದಾಗಿ ಕೆಲವು ವಾರಗಳ ನಂತರ ಮನೆಯವರೆಲ್ಲ ಒಂದು ಹೊಳೆಯ ದಂಡೆಗೆ ಹೋಗಿದ್ದೆವು. ನೀರು ನೋಡಲು ಶಾಂತವಾಗಿತ್ತು, ತಳ ಕಾಣುತ್ತಿರಲಿಲ್ಲ. ಈಗ ನಿನಗೆ ಈಜು ಬರುತ್ತಲ್ಲ, ಹಾರು ನೋಡೋಣ ಎಂದು ಜೊತೆಗೆ ಬಂದಿದ್ದ ಮಕ್ಕಳು ಅವಳನ್ನು ಕೆಣಕಿದರು. ಅವಳು ದಂಡೆಯಲ್ಲಿ ಕುಳಿತು ಒಂದು ಒಣಗಿದ ಎಲೆಯನ್ನು ನೀರಿಗೆ ಬಿಟ್ಟಳು. ಎಲೆ ಒಂದು ಕ್ಷಣ ನಿಂತಂತೆ ಇದ್ದು, ತಿರುಗಿ, ಸರ್ರನೆ ನಡುಹೊಳೆಯ ಕಡೆ ಹೋಯಿತು. ಅದು ಕಣ್ಮರೆಯಾಗುವವರೆಗೂ ನೋಡಿ, ಚಪ್ಪಲಿ ಬಿಚ್ಚಿಟ್ಟು, ನನ್ನ ಕೈ ಹಿಡಿದುಕೊಂಡು, "ಇವತ್ತು ಇಲ್ಲಿಗೇ ಸಾಕು ಅಪ್ಪಾ," ಎಂದು ಕಾಲು ಮಾತ್ರ ಇಳಿಬಿಟ್ಟು ಕುಳಿತಳು.